ಮಹಾಬಳೇಶ್ವರವನ್ನು ಕಂಡವರು ಯಾರು?

ಮಹಾಬಳೇಶ್ವರದ ಬಗ್ಗೆ ಯಾವ ಪ್ರವಾಸಿ ಕೈಪಿಡಿಯನ್ನು ತೆರೆದರೂ ಮೊದಲ ಪುಟದಲ್ಲೇ ಒಂದು ಮಾತು ಎದುರಾಗುತ್ತದೆ. ಸಾತಾರೆಯ ಪಲ್ಟನ್ನಿನಲ್ಲಿದ್ದ ಕರ್ನಲ್ ಲಾಡ್ವಿಕ್ ಎಂಬಾತನು 1824ರಲ್ಲಿ ಈ ಬೆಟ್ಟವನ್ನೇರಿ ಅದನ್ನು 'ಕಂಡುಹಿಡಿದ'ನಂತೆ. ಕೊಲಂಬಸನು ಅಮೆರಿಕೆಯನ್ನು ಕಂಡುಹಿಡಿದ ಹಾಗೆಯೇ ಇದೂ. ಅಲ್ಲಿ ಆಗಲೇ ಮನುಷ್ಯರಿದ್ದರು, ದೇವರಿದ್ದ, ದೇವರಿಗೆ ಪೂಜೆಯಿತ್ತು, ಕೋಟೆಯಿತ್ತು, ಕೋಟೆಗಾಗಿ ಜಗಳವೂ ಆಗಿ ಹೋಗಿತ್ತು. ಇಷ್ಟೆಲ್ಲ ಇದ್ದ ಮೇಲೆ ಕಂಡುಹಿಡಿಯಲು ಉಳಿದದ್ದೇನು ಎಂಬ ಪ್ರಶ್ನೆಯನ್ನು ನಾವು ಐವರು ಮಿತ್ರರು ಕಳೆದ ಚಳಿಗಾಲದಲ್ಲಿ ಕಾರಿನೊಳಗೆ ಕಟ್ಟಿಕೊಂಡು ಹೊರಟೆವು. ಐವರಲ್ಲಿ ಇಬ್ಬರು ಮೈಸೂರು ಕಡೆಯವರು, ಒಬ್ಬರು ಉಡುಪಿಯವರು, ಒಬ್ಬರು ಬಾಗಲಕೋಟೆಯವರು, ಇನ್ನೊಬ್ಬರು ಪುಣೆಯಲ್ಲೇ ಹುಟ್ಟಿ ಬೆಳೆದವರು. ಜಗಳಕ್ಕೆ ಬೇಕಾದ ಸಾಮಗ್ರಿ ಸಾಕಷ್ಟಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಪುಣೆಯ ಕನ್ನಡಿಗರಿಗೆ ಕಾತ್ರಜ ಘಾಟಿನ ದಾರಿಯೆಂದರೆ ಊರಿನ ದಾರಿ. ಹಬ್ಬಕ್ಕೆ, ಮದುವೆಗೆ, ಬೇಸಿಗೆ ರಜೆಗೆ ಕಾತ್ರಜ ದಾಟಿ, ಶಿರವಳದಲ್ಲಿ ಚಹಾ ಕುಡಿದು, ಖಂಬಾಟಕಿ ಘಾಟನ್ನೇರಿ ಇಳಿದು, ಸಾತಾರೆ, ಕರಾಡ, ಕೊಲ್ಹಾಪುರಗಳನ್ನು ಹಿಂದೆ ಹಾಕಿ ಬೆಳಗಾವಿಯನ್ನು ಸೇರಿದರೆ ಜೀವ ಹಗುರಾಗುತ್ತದೆ. ಖಂಬಾಟಕಿ ಇಳಿದ ಬಳಿಕ ಸುರೂರ್ ಎಂಬಲ್ಲಿ ಬಲಗಡೆಗೆ ವಾಯಿಯ ರಸ್ತೆ ಒಡೆಯುತ್ತದೆ. ಆ ಫಲಕವನ್ನು ನಾವೆಲ್ಲರೂ ನೂರು ಸಲ ನೋಡಿದ್ದೇವೆ. ಊರಿಗೆ ಹೋಗುವ ಅವಸರದಲ್ಲಿ ನೂರು ಸಲವೂ ಮುಂದಕ್ಕೆ ಹೋಗಿದ್ದೇವೆ. ಈ ಸಲ ಬಲಕ್ಕೆ ತಿರುಗಿದೆವು.

ವಾಯಿ ಕೃಷ್ಣೆಯ ದಡದ ಊರು. ಉದ್ದಕ್ಕೂ ಕಲ್ಲಿನ ಸೋಪಾನಗಳು, ಗುಡಿಗಳು, ನಡುವೆ ರಾಸ್ತೆ ಮನೆತನದವರು 1762ರಲ್ಲಿ ಕಟ್ಟಿಸಿದ ಢೋಲ್ಯಾ ಗಣಪತಿ. ಹತ್ತಿರದ ಮೇಣವಲಿಯಲ್ಲಿ ನಾನಾ ಫಡ್ನವೀಸರ ವಾಡೆ. ಇವುಗಳನ್ನು ನೋಡಿದವನು ವಾಯಿಯನ್ನು ಪೇಶವೆಗಳ ಕಾಲದ ಊರೆಂದೇ ತಿಳಿಯುತ್ತಾನೆ. ತಪ್ಪೇನೂ ಅಲ್ಲ. ಆದರೆ ಅದಕ್ಕಿಂತ ಒಂದು ಶತಮಾನ ಹಿಂದೆ ವಾಯಿಗೆ ಹುಕುಮು ಬರುತ್ತಿದ್ದುದು ನಮ್ಮ ಬಿಜಾಪುರದಿಂದ. ಆದಿಲಶಾಹಿಯ ಸುಭೆಯ ಠಾಣೆ ಇದು. ಕೆಲವು ವರ್ಷ ಇದರ ಸುಭೇದಾರನಾಗಿದ್ದವನು ಅಫಜಲ್ ಖಾನ.

ಈ ಹೆಸರನ್ನು ಕೇಳಿದೊಡನೆ ಮಹಾರಾಷ್ಟ್ರದಲ್ಲಿ ಪ್ರತಾಪಗಡ ನೆನಪಾಗುತ್ತದೆ. ಕನ್ನಡ ನಾಡಿಗೆ ಅವನ ಪರಿಚಯ ಇನ್ನೂ ಹಳೆಯದು. ಶಿರಾದ ನಾಯಕ ಕಸ್ತೂರಿ ರಂಗನನ್ನು ಸಂಧಿಯ ಮಾತಿಗೆಂದು ಕರೆಸಿ ಕೊಲ್ಲಿಸಿದನೆಂಬ ಅಪಕೀರ್ತಿ ಅವನ ಬೆನ್ನಿಗಿತ್ತು. ಶಿವಾಜಿಯ ಅಣ್ಣ ಸಂಭಾಜಿ ಸತ್ತದ್ದು ನಮ್ಮ ಕನಕಗಿರಿಯ ಕಾಳಗದಲ್ಲಿ. ಆ ಸಾವಿಗೂ ಖಾನನೇ ಕಾರಣವೆಂದು ಭೋಸಲೆ ಮನೆತನ ನಂಬಿತ್ತು. 1659ರಲ್ಲಿ ಖಾನನು ದಂಡು ಕಟ್ಟಿಕೊಂಡು ವಾಯಿಗೆ ಬಂದು ಬೀಡು ಬಿಟ್ಟಾಗ, ಬೆಟ್ಟದ ಮೇಲಿದ್ದ ಶಿವಾಜಿ ಮಹಾರಾಜರಿಗೆ ಶಿರಾದ ಕಥೆಯೂ ಕನಕಗಿರಿಯ ಕಥೆಯೂ ಗೊತ್ತಿದ್ದವು ಎಂಬುದನ್ನು ಮರೆತರೆ ಮುಂದೆ ನಡೆದದ್ದು ಅರ್ಧ ಮಾತ್ರ ಅರ್ಥವಾಗುತ್ತದೆ. ಒಳಗೆ ಕವಚ ತೊಟ್ಟು ಭೇಟಿಗೆ ಹೋಗುವ ಮುನ್ನೆಚ್ಚರಿಕೆಯನ್ನು ಒಂದು ರೀತಿಯಲ್ಲಿ ಕರ್ನಾಟಕವೇ ಕಲಿಸಿತ್ತು.

ವಾಯಿಯಿಂದ ಪಸರಣಿ ಘಾಟು. ಕಾರು ಏರುತ್ತಿದ್ದಂತೆ ಎಡಗಡೆಯೋ ಬಲಗಡೆಯೋ ಎಂದು ಹೇಳಲಾಗದಷ್ಟು ತಿರುವುಗಳು. ಪ್ರತಿ ತಿರುವಿಗೂ ಕೆಳಗಿನ ಕೃಷ್ಣೆಯ ಕಣಿವೆ ಮತ್ತು ಧೋಮ್ ಅಣೆಕಟ್ಟಿನ ನೀರು ಒಮ್ಮೆ ಕಂಡು ಒಮ್ಮೆ ಮರೆಯಾಗುತ್ತವೆ. ಮೇಲೆ ಪಂಚಗಣಿ. ಇದು ನಿಜವಾಗಿಯೂ ಬ್ರಿಟಿಷರು ಕಟ್ಟಿದ ಊರು. ಜಾನ್ ಚೆಸನ್ ಎಂಬಾತ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇಲ್ಲಿ ನೆಲೆ ನಿಂತು ಸಿಲ್ವರ್ ಓಕ್ ಮರಗಳನ್ನು ನೆಟ್ಟ. ಆ ಮರಗಳ ಸಂತತಿ ಇಂದೂ ರಸ್ತೆಗೆ ನೆರಳು ಕೊಡುತ್ತಿದೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ ಸುಮಾರು 6000 ಮಿಲಿಮೀಟರ್ ಮಳೆ ಸುರಿದರೆ, ಇಪ್ಪತ್ತು ಕಿಲೋಮೀಟರಿಗಿಂತಲೂ ಕಡಿಮೆ ದೂರದ ಇಲ್ಲಿ ಅದರ ಮೂರನೆಯ ಒಂದು ಪಾಲಿನಷ್ಟು. ಶಾಲೆಗಳಿಗೂ ಕ್ಷಯರೋಗಿಗಳ ಆರೈಕೆಗೂ ಈ ಊರು ಹೆಸರಾದುದರ ಗುಟ್ಟು ಇದೇ. ಪುಣೆಯ ಆಗಾಖಾನ್ ಅರಮನೆಯ ಸೆರೆಯಿಂದ 1944ರ ಮೇ ತಿಂಗಳಲ್ಲಿ ಬಿಡುಗಡೆಯಾದ ಗಾಂಧೀಜಿ, ಆ ಮಳೆಗಾಲದಲ್ಲಿ ಸುಧಾರಿಸಿಕೊಳ್ಳಲು ಬಂದದ್ದೂ ಪಂಚಗಣಿಗೇ. ಟೇಬಲ್ ಲ್ಯಾಂಡಿನ ಮೇಲೆ ಕುದುರೆಯವರು ನಮ್ಮನ್ನು ಮುತ್ತಿದರು. ನಾವು ಕುದುರೆ ಹತ್ತುವ ವಯಸ್ಸಿನವರಲ್ಲವೆಂದು ಹೇಳಿ ಪಾರಾದೆವು.

ಇನ್ನು ಲಾಡ್ವಿಕ್‌ನ ವಿಚಾರಕ್ಕೆ ಬರೋಣ. ಮಹಾಬಳೇಶ್ವರದ ಪೇಟೆಯಿಂದ ಪಶ್ಚಿಮಕ್ಕೆ ಅವನ ಹೆಸರಿನದೇ ಒಂದು ಪಾಯಿಂಟು ಇದೆ. ಅಲ್ಲೊಂದು ಎತ್ತರವಾದ ಕಂಬ, ಅದರಲ್ಲಿ ಅವನ ಮುಖ. ಎದುರಿಗೆ ಕಣಿವೆಯಾಚೆ ಪ್ರತಾಪಗಡ. ಅಲ್ಲಿ ನಿಂತು ನಮ್ಮ ಉಡುಪಿಯ ಮಿತ್ರರು, "1824 ಅಂದ್ರೆ ಎಲ್ಲೋ ಕೇಳಿದ ಇಸವಿ ಮಾರಾಯ್ರೆ" ಎಂದರು. ಬಾಗಲಕೋಟೆಯವರು ತಟ್ಟನೆ, "ಕಿತ್ತೂರ್ರೀ" ಎಂದರು.

ಹೌದು, ಕಿತ್ತೂರು! ಲಾಡ್ವಿಕ್ ಇಲ್ಲಿಗೆ ಬಂದ ವರ್ಷದಲ್ಲೇ, 1824ರ ಸೆಪ್ಟೆಂಬರಿನಲ್ಲಿ, ಕಿತ್ತೂರಿನ ದೇಸಾಯಿ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡರು. ದತ್ತಕವನ್ನು ಕಂಪನಿಯ ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಅವನು ಹತನಾದ. ಆಗ ದಖ್ಖಣದ ಕಮಿಷನರ್ ಚಾಪ್ಲಿನ್. ಅವನ ಕಚೇರಿ ಇದ್ದದ್ದು ನಮ್ಮ ಈ ಪುಣೆಯಲ್ಲಿ. ಅವನೇ ಮುಂದೆ ನಿಂತು ದಂಡು ಕೂಡಿಸಿದ. ಡಿಸೆಂಬರ್ ಮೊದಲ ವಾರದಲ್ಲಿ ಕಿತ್ತೂರು ಬಿತ್ತು. ರಾಣಿ ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾದಳು. ಕಂಪನಿಯ ಒಬ್ಬ ಅಧಿಕಾರಿ ಗಾಳಿ ತಂಪಾಗಿದೆಯೆಂದು ಒಂದು ಬೆಟ್ಟವನ್ನು ಮೆಚ್ಚಿಕೊಂಡ ವರ್ಷದಲ್ಲೇ, ಅದೇ ಕಂಪನಿ ಕೆಲವು ನೂರು ಮೈಲಿಯಾಚೆ ಒಂದು ಸಂಸ್ಥಾನವನ್ನು ನುಂಗಿತು. ಎರಡೂ ಘಟನೆಗಳು ಒಂದೇ ಪುಟದಲ್ಲಿ ಬರೆಯಲ್ಪಟ್ಟದ್ದನ್ನು ನಾವಂತೂ ಎಲ್ಲೂ ಓದಿಲ್ಲ.

ಲಾಡ್ವಿಕ್ ಬಂದಾಗ ಬೆಟ್ಟ ಕಂಪನಿಯದಾಗಿರಲಿಲ್ಲ. ಪೇಶವಾಯಿ ಮುಳುಗಿದ ಮೇಲೆ 1819ರ ಒಪ್ಪಂದದಂತೆ ಕಂಪನಿಯೇ ಸಾತಾರೆಯಲ್ಲಿ ಕೂರಿಸಿದ ಛತ್ರಪತಿ ಪ್ರತಾಪಸಿಂಹ ಮಹಾರಾಜರದು. ಸಾತಾರೆಯ ರೆಸಿಡೆಂಟ್ ಬ್ರಿಗ್ಸ್ ಇಲ್ಲಿ ಒಂದು ಮನೆ ಕಟ್ಟಿಕೊಂಡು, ದಾರಿ ಮಾಡಿಸುವಂತೆ ಮಹಾರಾಜರನ್ನು ಒಪ್ಪಿಸಿದ. 1828ರಲ್ಲಿ ಮುಂಬಯಿಯ ಗವರ್ನರ್ ಸರ್ ಜಾನ್ ಮಾಲ್ಕಮ್ ಬಂದು ನೋಡಿ ಮರುಳಾದ. 1829ರಲ್ಲಿ ಕರಾರಾಯಿತು: ವಾಯಿ ಕಡೆಯ ಖಂಡಾಳೆ ಎಂಬ ಹಳ್ಳಿ ಮಹಾರಾಜರಿಗೆ, ಬೆಟ್ಟ ಕಂಪನಿಗೆ. (ಇದು ಲೋಣಾವಳೆಯ ಪಕ್ಕದ ಖಂಡಾಳೆಯಲ್ಲ, ಖಂಬಾಟಕಿಯ ಬುಡದ್ದು. ಊರಿಗೆ ಹೋಗುವಾಗಲೆಲ್ಲ ನಾವು ಅದರ ಪಕ್ಕದಿಂದಲೇ ಹೋಗುತ್ತೇವೆ.) ಹೊಸ ಪೇಟೆಗೆ ಮಾಲ್ಕಮ್ ಪೇಠ ಎಂಬ ಹೆಸರು ಬಂತು. ಬೆಟ್ಟ ಕೊಟ್ಟವರು ಮಹಾರಾಜರು, ಸಾತಾರೆಯಿಂದ ಮೇಲಕ್ಕೆ ರಸ್ತೆ ಕಡಿಸಿದವರು ಮಹಾರಾಜರು, ಹೆಸರು ಮಾತ್ರ ಗವರ್ನರನದು. ಅದೇ 1829ರಲ್ಲಿ ಚೆನ್ನಮ್ಮ ರಾಣಿ ಬೈಲಹೊಂಗಲದ ಸೆರೆಯಲ್ಲೇ ಕಣ್ಣು ಮುಚ್ಚಿದಳು.

ಪಾಯಿಂಟುಗಳ ಹೆಸರುಗಳನ್ನು ಓದುತ್ತ ಹೋದರೆ ಬೆಟ್ಟದ ಇತಿಹಾಸ ಬರೀ ಸಾಹೇಬರ ವಂಶಾವಳಿಯಂತೆ ಕಾಣುತ್ತದೆ. ಆರ್ಥರ್ಸ್ ಸೀಟ್, ವಿಲ್ಸನ್ ಪಾಯಿಂಟ್, ಎಲ್ಫಿನ್‌ಸ್ಟನ್ ಪಾಯಿಂಟ್. ಆದರೆ ಈ ಗುಡ್ಡದ ಮೇಲೆ ದುಡಿದವರ ಹೆಸರಿನ ಪಾಯಿಂಟು ಒಂದೂ ಇಲ್ಲ. ಚೀನಾ ಮತ್ತು ಮಲಯದ ಕೈದಿಗಳನ್ನು ಕಂಪನಿ ಇಲ್ಲಿಗೆ ತಂದು ಒಂದು ಸೆರೆಮನೆಯನ್ನೇ ಕಟ್ಟಿತ್ತು. ಬಯಲಿನ ಸೆಕೆ ಅವರಿಗೆ ತಡೆಯದೆಂದು ಈ ಏರ್ಪಾಡು. ಆ ಕೈದಿಗಳು ರಸ್ತೆ ಕಡಿದರು, ಬೆತ್ತದ ಬುಟ್ಟಿ ಹೆಣೆದರು, ಆಲೂಗಡ್ಡೆ ಮೊದಲಾದ ತರಕಾರಿಗಳ ಬೆಳೆಯನ್ನು ಸುಧಾರಿಸಿದರು. 1864ರಲ್ಲಿ ಸೆರೆಮನೆ ಮುಚ್ಚಿತು. ಇಂದು ಪೇಟೆಯಲ್ಲಿ ಸ್ಟ್ರಾಬೆರಿಯ ಬುಟ್ಟಿ ಹಿಡಿದು ಫೋಟೋ ತೆಗೆಸಿಕೊಳ್ಳುವವರಿಗೆ, ಈ ಬೆಟ್ಟದ ತೋಟಗಾರಿಕೆಯ ಮೊದಲ ಪಾಠಗಳನ್ನು ಸಮುದ್ರದಾಚೆಯ ಕೈದಿಗಳು ಕಲಿಸಿದರೆಂದು ಹೇಳುವ ಒಂದು ಫಲಕವಾದರೂ ಬೇಡವೇ?

ಪೇಟೆಯಿಂದ ಐದಾರು ಕಿಲೋಮೀಟರ್ ದೂರದಲ್ಲಿ ಹಳೆಯ ಮಹಾಬಳೇಶ್ವರವಿದೆ. ಮರಾಠಿಗರು ಕ್ಷೇತ್ರ ಮಹಾಬಳೇಶ್ವರ ಎನ್ನುತ್ತಾರೆ. ಕನ್ನಡಿಗರಿಗೆ ಮಹಾಬಲೇಶ್ವರ ಎಂದೊಡನೆ ಗೋಕರ್ಣ ಕಣ್ಣ ಮುಂದೆ ಬರುವುದು ಸಹಜ. ಅಲ್ಲಿ ರಾವಣನ ಕೈಯಿಂದ ನೆಲಕ್ಕಿಳಿದ ಆತ್ಮಲಿಂಗದ ಕಥೆ. ಇಲ್ಲಿ ಮಹಾಬಲ, ಅತಿಬಲ ಎಂಬ ದೈತ್ಯ ಸೋದರರ ಸ್ಥಳಪುರಾಣ. ಕಥೆ ಬೇರೆ, ಹೆಸರು ಒಂದು. ಒಂದು ಕಡಲ ಅಂಚಿನಲ್ಲಿ, ಇನ್ನೊಂದು ಅದೇ ಸಹ್ಯಾದ್ರಿಯ ನೆತ್ತಿಯಲ್ಲಿ.

ಕೃಷ್ಣೆ ಹುಟ್ಟುವ ಜಾಗದಲ್ಲಿ ಹದಿಮೂರನೆಯ ಶತಮಾನದ ಆರಂಭದಲ್ಲಿ ದೇವಗಿರಿಯ ಯಾದವ ದೊರೆ ಸಿಂಘಣನು ಒಂದು ಸಣ್ಣ ಗುಡಿಯನ್ನೂ ಕೊಳವನ್ನೂ ಕಟ್ಟಿಸಿದನೆಂದು ಸಾತಾರೆಯ ಗೆಜೆಟಿಯರ್ ಹೇಳುತ್ತದೆ. ಲಾಡ್ವಿಕ್ ಹುಟ್ಟುವುದಕ್ಕೆ ಐನೂರು ವರ್ಷಕ್ಕೂ ಹಿಂದಿನ ಮಾತು. ಯಾರು ಈ ಸಿಂಘಣ? ನಮ್ಮ ಶಾಸನಗಳಲ್ಲಿ ಸೇವುಣರೆಂದು ಬರುವ ವಂಶದವನು. ಇವನ ಆಸ್ಥಾನದಲ್ಲಿದ್ದ ಶಾರ್ಙ್ಗದೇವನು ಬರೆದ 'ಸಂಗೀತ ರತ್ನಾಕರ'ವನ್ನು ದಕ್ಷಿಣದವರೂ ಉತ್ತರದವರೂ ಇಂದಿಗೂ ಪ್ರಮಾಣವೆಂದು ಒಪ್ಪುತ್ತಾರೆ. ಸೇವುಣರ ಶಾಸನಗಳಲ್ಲಿ ದೊಡ್ಡ ಪಾಲು ಕನ್ನಡದಲ್ಲಿವೆ. ಇವನ ದಂಡನಾಯಕ ಬೀಚಣನು ದಕ್ಷಿಣಕ್ಕೆ ದಂಡೆತ್ತಿ ಹೋಗಿ, ಕಾವೇರಿಯ ತೀರದಲ್ಲಿ ಜಯಸ್ತಂಭ ನೆಟ್ಟೆನೆಂದು ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಇದೇ ವಂಶದ ರಾಮಚಂದ್ರನ ಕಾಲದಲ್ಲಿ, 1290ರಲ್ಲಿ, ಜ್ಞಾನೇಶ್ವರಿ ಪೂರ್ಣವಾಯಿತು ಎಂಬುದನ್ನೂ ಜೊತೆಗೇ ಹೇಳಬೇಕು. ಒಂದೇ ಸಿಂಹಾಸನದ ನೆರಳಿನಲ್ಲಿ ಕನ್ನಡದ ಶಾಸನವೂ ಮರಾಠಿಯ ಮಹಾಗ್ರಂಥವೂ ಹುಟ್ಟಿದವು. ಆದುದರಿಂದ ಸಿಂಘಣನ ಹೆಸರು ಹಿಡಿದು ಮಹಾಬಳೇಶ್ವರ ನಮ್ಮದೆಂದು ತಕರಾರು ಹೂಡುವವರ ಪೈಕಿ ನಾವಲ್ಲ. ಕವಿರಾಜಮಾರ್ಗವು ಕನ್ನಡ ನಾಡಿನ ಉತ್ತರದ ಎಲ್ಲೆಯನ್ನು ಗೋದಾವರಿಯವರೆಗೆ ಒಯ್ದಿದೆ, ನಿಜ. ಅದನ್ನು ಹೆಮ್ಮೆಯಿಂದ ನೆನೆಯುವುದು ಬೇರೆ, ಅದನ್ನು ಹಿಡಿದು ಭೂಮಿ ಅಳೆಯಲು ಹೊರಡುವುದು ಬೇರೆ. ನಾವು ಹೇಳಬೇಕೆಂದಿರುವುದು ಇಷ್ಟೇ: ಈ ಬೆಟ್ಟಕ್ಕೆ ಪೂರ್ವದ ಬಯಲಿನಿಂದ, ಕೃಷ್ಣೆಯ ದಾರಿ ಹಿಡಿದು, ಏಳೆಂಟು ಶತಮಾನಗಳಿಂದ ಜನ ಹತ್ತಿ ಬರುತ್ತಿದ್ದರು.

ಪಂಚಗಂಗಾ ಗುಡಿಯೊಳಗೆ ಕೃಷ್ಣಾ, ಕೊಯನಾ, ವೇಣ್ಣಾ, ಸಾವಿತ್ರಿ, ಗಾಯತ್ರಿ ಎಂದು ಐದು ನೀರುಗಳು ಕೂಡಿ ಕಲ್ಲಿನ ಗೋಮುಖದಿಂದ ಕೊಳಕ್ಕೆ ಬೀಳುತ್ತವೆ. ಇವಲ್ಲದೆ ಹನ್ನೆರಡು ವರ್ಷಕ್ಕೊಮ್ಮೆ ಭಾಗೀರಥಿ, ಅರವತ್ತು ವರ್ಷಕ್ಕೊಮ್ಮೆ ಸರಸ್ವತಿ ಇಲ್ಲಿಗೆ ಬರುತ್ತಾರೆಂಬ ನಂಬಿಕೆ. ಸಾವಿತ್ರಿ ಪಶ್ಚಿಮಕ್ಕೆ ಧುಮುಕಿ ಬಾಣಕೋಟೆಯಲ್ಲಿ ಅರಬ್ಬೀ ಸಮುದ್ರ ಸೇರುತ್ತಾಳೆ. ಅರಬ್ಬೀ ಸಮುದ್ರ ಇಲ್ಲಿಂದ ನೂರು ಕಿಲೋಮೀಟರ್ ಕೂಡ ಇಲ್ಲ. ಕೃಷ್ಣೆಗೆ ಆ ಹತ್ತಿರದ ಸಮುದ್ರ ಬೇಡ. ಬೆನ್ನು ತಿರುಗಿಸಿ ಸುಮಾರು 1400 ಕಿಲೋಮೀಟರ್ ನಡೆದು ಬಂಗಾಳ ಕೊಲ್ಲಿಗೇ ಹೋಗುತ್ತಾಳೆ.

ಗೋಮುಖದ ನೀರು ನಮ್ಮ ಮುಂಗೈ ದಪ್ಪ ಇದ್ದೀತು. ನಾಲ್ವರು ಕೈಯೊಡ್ಡಿ ನೀರು ಕುಡಿದು, ತಲೆಗೆ ಚಿಮುಕಿಸಿಕೊಂಡು ಬದಿಗೆ ನಿಂತೆವು. ಬಾಗಲಕೋಟೆಯವರು ಮಾತ್ರ ನೀರು ಮುಟ್ಟದೆ ನೋಡುತ್ತ ನಿಂತಿದ್ದರು. ಬಹಳ ಹೊತ್ತಿನ ಮೇಲೆ, "ನಮ್ಮ ಮನೀ ಮುಳುಗಿಸಿದಾಕಿ ಇಷ್ಟ ಸಣ್ಣಾಕಿ ಏನ್ರೀ?" ಎಂದರು.

ನಾವು ಯಾರೂ ಉತ್ತರ ಕೊಡಲಿಲ್ಲ. ಹಳೆಯ ಬಾಗಲಕೋಟೆಯ ತಗ್ಗಿನ ಓಣಿಯಲ್ಲಿ ಅವರ ಅಜ್ಜನ ಮನೆಯಿತ್ತು. 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿಯ ಅಣೆಕಟ್ಟು ದಶಕಗಳ ಮೇಲೆ ತುಂಬಿದಾಗ ಹಿನ್ನೀರು ಆ ಓಣಿಗಳಿಗೆ ಬಂತು. ಅರ್ಧ ಊರು ನವನಗರಕ್ಕೆ ಎದ್ದು ಹೋಯಿತು. ಮನೆಯ ತೊಲೆ, ಬಾಗಿಲ ಚೌಕಟ್ಟುಗಳನ್ನು ಚಕ್ಕಡಿಯಲ್ಲಿ ಹೇರಿಕೊಂಡು ಹೋದುದನ್ನು ಅವರು ಹಿಂದೊಮ್ಮೆ ಹೇಳಿದ್ದರು. ಹಿನ್ನೀರಿನಿಂದ ಹೊಲಗಳಿಗೆ ನೀರಾಯಿತು, ವಿದ್ಯುತ್ತೂ ಆಯಿತು. ಅದನ್ನು ಅವರೇ ಮೊದಲು ಒಪ್ಪುತ್ತಾರೆ. ಬಚಾವತ್ ನ್ಯಾಯಮಂಡಳಿಯು 1973ರಲ್ಲಿ ಕೃಷ್ಣೆಯನ್ನು ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಟಿ.ಎಂ.ಸಿ. ಎಂದು ಹಂಚಿತು. ಆಲಮಟ್ಟಿಯಲ್ಲಿ ನೀರು ನಿಲ್ಲಿಸಿದ ಮಟ್ಟ 519.6 ಮೀಟರ್, ಅದನ್ನು 524 ಮೀಟರಿಗೆ ಏರಿಸುವ ಮಾತಿಗೆ ಎಷ್ಟೋ ವರ್ಷ ವಾದ ನಡೆದಿದೆ. ಪತ್ರಿಕೆಯಲ್ಲಿ ಈ ಅಂಕಿಗಳನ್ನು ಓದುವಾಗ ನಮಗೆ ಮನೆ ಕಾಣುವುದಿಲ್ಲ. ಅವರಿಗೆ ಕಾಣುತ್ತದೆ.

ಇನ್ನೊಂದು ಲೆಕ್ಕವೂ ಅಲ್ಲೇ ಹೊರಟಿತು. ನಮ್ಮ ಪುಣೆಯ ಮುಳಾ ಮುಠಾ ನದಿಗಳು ಭೀಮೆಯನ್ನು ಕೂಡುತ್ತವೆ. ಭೀಮೆ ಪಂಢರಪುರ ದಾಟಿ, ಕಲಬುರ್ಗಿ ಸೀಮೆಯಲ್ಲಿ ಹರಿದು, ರಾಯಚೂರಿನ ಬಳಿ ಕೃಷ್ಣೆಯನ್ನು ಕೂಡುತ್ತದೆ. ಅಂದರೆ ಪುಣೆಯಲ್ಲಿ ನಾವು ಪಾತ್ರೆ ತೊಳೆದು ಬಿಟ್ಟ ನೀರೂ ಕೊನೆಗೆ ಊರಿಗೇ ಹೋಗುತ್ತದೆ. ಪುಣೆಯಲ್ಲೇ ಹುಟ್ಟಿದ ಮಿತ್ರರು, "ಹಾಗಾದರೆ ನಾನೂ ವರ್ಷಕ್ಕೊಮ್ಮೆ ಊರಿಗೆ ಹೋದ ಲೆಕ್ಕವೇ" ಎಂದಾಗ ಬಾಗಲಕೋಟೆಯವರೂ ನಕ್ಕರು. ಆಮೇಲೆ ಒಂದು ಸಣ್ಣ ಬಾಟಲಿಗೆ ನೀರು ತುಂಬಿಕೊಂಡರು, ತಾಯಿಗೆಂದು.

ಮಧ್ಯಾಹ್ನ ಪ್ರತಾಪಗಡಕ್ಕೆ ಇಳಿದೆವು. ಈ ಕಾಡುಸೀಮೆಯ ಹೆಸರು ಜಾವಳಿ. ಶಿವಾಜಿ ಮಹಾರಾಜರು ಇದನ್ನು 1656ರಲ್ಲಿ ಗೆದ್ದದ್ದು ಚಂದ್ರರಾವ್ ಮೋರೆಯವರಿಂದ. ಸಾತಾರೆಯ ರೆಸಿಡೆಂಟನಾಗಿದ್ದು ಮುಂದೆ 1826ರಲ್ಲಿ ಮರಾಠರ ಇತಿಹಾಸ ಬರೆದ ಗ್ರ್ಯಾಂಟ್ ಡಫ್ ಈ ಮೋರೆಗಳ ಬಗ್ಗೆ ಒಂದು ಸಂಗತಿ ಹೇಳುತ್ತಾನೆ: ಅವರ ಮೂಲಪುರುಷ ಕರ್ನಾಟಕದ ಒಬ್ಬ ನಾಯಕ, ಯೂಸುಫ್ ಆದಿಲಶಹನ ಕಾಲದಲ್ಲಿ ಹನ್ನೆರಡು ಸಾವಿರ ಕಾಲಾಳುಗಳೊಂದಿಗೆ ನೀರಾ ಮತ್ತು ವಾರಣಾ ನದಿಗಳ ನಡುವಿನ ದುರ್ಗಮ ಸೀಮೆಯನ್ನು ಗೆದ್ದು, ಚಂದ್ರರಾವ್ ಎಂಬ ಬಿರುದು ಪಡೆದವನು. ಡಫ್ ಕೇಳಿ ಬರೆದದ್ದೆಲ್ಲ ವೇದವಾಕ್ಯವಲ್ಲ. ಮೋರೆಗಳು ತಮ್ಮನ್ನು ಮೌರ್ಯರೆಂದೇ ಕರೆದುಕೊಳ್ಳುತ್ತಾರೆ. ಆದರೂ ಕರ್ನಾಟಕದ ಮೂಲದ ಕಥೆ ಸಾತಾರೆಯಲ್ಲೇ ಕೇಳಿಬಂದಿತ್ತೆಂಬುದು ಗಮನಾರ್ಹ. ನಾಲ್ಕೈದು ತಲೆಮಾರುಗಳಲ್ಲಿ ಆ ಮನೆತನ ಎಷ್ಟು ಮರಾಠಿಯಾಯಿತೆಂದರೆ, ಮೂಲದ ಮಾತು ಒಂದು ಇಂಗ್ಲಿಷ್ ಪುಸ್ತಕದ ಸಾಲಿನಲ್ಲಿ ಮಾತ್ರ ಉಳಿಯಿತು. ಪುಣೆಯಲ್ಲಿ ಮೊಮ್ಮಕ್ಕಳನ್ನು ಬೆಳೆಸುತ್ತಿರುವ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಖಾನನ ದಂಡು ವಾಯಿಯಿಂದ ಬೆಟ್ಟ ಹತ್ತಿ, ರಡತೋಂಡಿ ಘಾಟಿನಲ್ಲಿ ಇಳಿದು, ಕೆಳಗಿನ ಪಾರ್ ಎಂಬ ಹಳ್ಳಿಯಲ್ಲಿ ತಂಗಿತು. ರಡತೋಂಡಿ ಎಂದರೆ ಅಳುಮೋರೆ. ಇಳಿಯುವವನ ಮುಖ ಅಳುವಂತೆ ಆಗುವಷ್ಟು ಕಡಿದಾದ ದಾರಿ. ಬಯಲುಸೀಮೆಯ ಕುದುರೆ, ಆನೆ, ಫಿರಂಗಿಗಳ ದಂಡು ಈ ಬಾವಿಯಂಥ ಕಣಿವೆಗೆ ಇಳಿದಾಗಲೇ ಅರ್ಧ ಸೋತಿತ್ತು. 1659ರ ನವೆಂಬರ್ 10ರಂದು ಕೋಟೆಯ ಕೆಳಗಿನ ಭೇಟಿಯಲ್ಲಿ ಖಾನ ಸತ್ತ. ಗೆದ್ದವರು ಅವನನ್ನು ಅಲ್ಲೇ ಮಣ್ಣು ಮಾಡಿಸಿದರು. ಬಿಜಾಪುರದ ಹೊರಗೆ ಅವನು ಬದುಕಿದ್ದಾಗಲೇ ತನಗಾಗಿ ಕಟ್ಟಿಸತೊಡಗಿದ್ದ ಗೋರಿ ಖಾಲಿಯಾಗಿಯೇ ಉಳಿಯಿತು. ಅದಕ್ಕೆ ತುಸು ದೂರದಲ್ಲಿ ಸಾಠ್ ಕಬರ್ ಇದೆ. ಒಂದೇ ಅಳತೆಯ ಅರವತ್ತಕ್ಕೂ ಮಿಕ್ಕಿದ ಗೋರಿಗಳು ಸಾಲುಸಾಲಾಗಿ ನಿಂತಿವೆ. ತಾನು ಮರಳುವುದಿಲ್ಲವೆಂದು ಜ್ಯೋತಿಷಿ ಹೇಳಿದ್ದರಿಂದ ಹೊರಡುವ ಮುನ್ನ ತನ್ನ ಹೆಂಡಂದಿರನ್ನೆಲ್ಲ ಖಾನ ಕೊಲ್ಲಿಸಿದನೆಂದು ಅಲ್ಲಿಯ ಜನ ಹೇಳುತ್ತಾರೆ. ಜನರ ಬಾಯಿಯ ಕಥೆಯೇ ಇರಲಿ. ಪ್ರತಾಪಗಡವನ್ನು ನೋಡಿ ಬಂದವರು ಒಮ್ಮೆ ಅದನ್ನೂ ನೋಡಬೇಕು. ಇಲ್ಲಿ ವೀರರ ಲೆಕ್ಕವಿದೆ, ಅಲ್ಲಿ ಹೆಸರಿಲ್ಲದ ಹೆಂಗಸರ ಲೆಕ್ಕ.

ಮರುದಿನ ಬಂದ ದಾರಿಯಲ್ಲಿ ಹೋಗದೆ, ಕೇಳಘರ್, ಮೇಢೆಯ ಮೂಲಕ ಸಾತಾರೆಗೆ ಇಳಿದೆವು. ಪ್ರತಾಪಸಿಂಹ ಮಹಾರಾಜರು ರಸ್ತೆ ಮಾಡಿಸಿದ್ದು ಈ ಕಡೆಯಿಂದ. ರಸ್ತೆಯನ್ನು ಕಂಪನಿಯವರು ಬಹಳ ಹೊಗಳಿದರು. ಹತ್ತು ವರ್ಷದ ಮೇಲೆ, 1839ರಲ್ಲಿ, ಗೋವೆಯ ಪೋರ್ತುಗೀಜರೊಡನೆ ಸೇರಿ ಸಂಚು ಹೂಡಿದರೆಂಬ ಆರೋಪ ಹೊರಿಸಿ ಅದೇ ಮಹಾರಾಜರನ್ನು ಪಟ್ಟದಿಂದಿಳಿಸಿ ಕಾಶಿಗೆ ಕಳುಹಿಸಿದರು. ಅವರು 1847ರಲ್ಲಿ ಅಲ್ಲಿಯೇ ತೀರಿಕೊಂಡರು. ಪಟ್ಟಕ್ಕೆ ಬಂದ ತಮ್ಮ ಅಪ್ಪಾಸಾಹೇಬರು 1842ರಲ್ಲಿ ಮಹಾಬಳೇಶ್ವರದ ವೇಣ್ಣಾ ಕೆರೆಯನ್ನು ಕಟ್ಟಿಸಿದರು; ಇಂದು ಪ್ರವಾಸಿಗರು ದೋಣಿ ನಡೆಸುವ ಕೆರೆ ಅದೇ. ಅವರೂ 1848ರಲ್ಲಿ ಸತ್ತರು, ಮಕ್ಕಳಿರಲಿಲ್ಲ, ದತ್ತಕ ತೆಗೆದುಕೊಂಡಿದ್ದರು. ಡಾಲ್‌ಹೌಸಿ ದತ್ತಕವನ್ನು ತಳ್ಳಿಹಾಕಿ ಸಾತಾರೆಯನ್ನು ಕಂಪನಿಗೆ ಸೇರಿಸಿಕೊಂಡ. ಶಾಲೆಯ ಪುಸ್ತಕಗಳಲ್ಲಿ ಈ ನೀತಿ ಡಾಲ್‌ಹೌಸಿಯ ಹೆಸರಿನಿಂದ ಆರಂಭವಾಗುತ್ತದೆ, ಸಾತಾರೆಯೇ ಮೊದಲ ಬಲಿ ಎಂದಿರುತ್ತದೆ. ಇಪ್ಪತ್ತನಾಲ್ಕು ವರ್ಷ ಮೊದಲೇ ಕಿತ್ತೂರಿನಲ್ಲಿ ಅದೇ ಪಾಠವಾಗಿತ್ತು. ಸಾತಾರೆಯ ಹತ್ತು ವರ್ಷದ ಮೇಲೆ ನರಗುಂದದ ಬಾಬಾಸಾಹೇಬರಿಗೂ ದತ್ತಕದ ಹಕ್ಕು ಸಿಗದೆ, ಅವರು ಬಂಡೆದ್ದು, 1858ರ ಜೂನ್ ತಿಂಗಳಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿದರು.

ಪ್ರತಾಪಸಿಂಹರ ಪರವಾಗಿ ಮಾತಾಡಲು ರಂಗೋ ಬಾಪೂಜಿ ಎಂಬವರು ಲಂಡನ್ನಿಗೆ ಹೋಗಿದ್ದರು. ಹೋದವರು ಸುಮಾರು ಹದಿನಾಲ್ಕು ವರ್ಷ ಅಲ್ಲೇ ಇದ್ದು ಕಂಪನಿಯ ನಿರ್ದೇಶಕರ ಬಾಗಿಲು ತಟ್ಟಿದರು, ಅರ್ಜಿ ಬರೆದರು, ಸಾಲ ಮಾಡಿದರು. ಅಷ್ಟರಲ್ಲಿ ಒಡೆಯರೂ ಇರಲಿಲ್ಲ, ರಾಜ್ಯವೂ ಇರಲಿಲ್ಲ. ಬರಿಗೈಯಲ್ಲಿ ಊರಿಗೆ ಮರಳಿದವರು 1857ರ ಸಂಚಿನಲ್ಲಿ ಸೇರಿದರು. ಅವರ ಮಗ ಸೀತಾರಾಮನಿಗೆ ಮರಣದಂಡನೆಯಾಯಿತು. ರಂಗೋ ಬಾಪೂಜಿ ಮಾತ್ರ ಕಂಪನಿಯ ಕೈಗೆ ಸಿಗಲಿಲ್ಲ. ತಲೆಗೆ ಬಹುಮಾನ ಸಾರಿ ಊರೂರು ಹುಡುಕಿಸಿದರೂ ಎಲ್ಲಿ ಹೋದರೆಂಬುದು ಗೊತ್ತಾಗಲೇ ಇಲ್ಲ.